ನಿಂತಲ್ಲೇ ನಿಂತ ಮೋಟರ್‌ಹೋಮ್ ಕರೆಂಟ್ ಎಳೆಯುತ್ತಿದ್ದರೆ: ಎಲ್ಲಿ ಹೋಗುತ್ತಿದೆ ಅಂತ ಹುಡುಕುವ ಬಗೆ

ಮಂಚ, ಅಡುಗೆ ಕಟ್ಟೆ, ಫ್ರಿಜ್ ಎಲ್ಲ ಒಳಗೇ ಇರುವ ನಮ್ಮ ಪ್ರವಾಸದ ಗಾಡಿ, ಅಂದರೆ ಮೋಟರ್‌ಹೋಮ್, ಶೆಡ್ಡಿನಲ್ಲಿ ನಿಂತು ಎರಡು ತಿಂಗಳಾಗಿತ್ತು. ಯಾರೂ ಒಳಗೆ ಕಾಲಿಟ್ಟಿರಲಿಲ್ಲ. ದೀಪ ಇಲ್ಲ, ಫ್ಯಾನ್ ಇಲ್ಲ. ಬ್ಯಾಟರಿ ಇಳಿದುಹೋಗದಿರಲಿ ಅಂತ ಮನೆಯ ಕರೆಂಟಿಗೆ ಪ್ಲಗ್ ಹಾಕಿಟ್ಟಿದ್ದೆ, ಅಷ್ಟೇ. ತಿಂಗಳ ಬಿಲ್ ಬಂತು. ಎಂದಿನ ತಿಂಗಳಿಗಿಂತ 210 ಯೂನಿಟ್ ಜಾಸ್ತಿ. ಮನೆಯಲ್ಲಿ ಹೊಸದಾಗಿ ಏನನ್ನೂ ತಂದಿರಲಿಲ್ಲ.

ತಕ್ಷಣ ಅನ್ನಿಸಿದ್ದು ಪ್ಲಗ್ ಕಿತ್ತುಬಿಡೋಣ ಅಂತ. ಎಷ್ಟೋ ಜನ ಹಾಗೇ ಮಾಡುತ್ತಾರೆ. ಹಾಗೆ ಮಾಡಿದ್ದರೆ ಬಿಲ್ ಇಳಿಯುತ್ತಿತ್ತು, ನಿಜ. ಆದರೆ ಒಳಗೆ ಒಂದು ಬ್ಯಾಟರಿ ಹಗಲೂ ರಾತ್ರಿ ಕುದಿಯುತ್ತಿತ್ತು ಅನ್ನುವುದು ಗೊತ್ತಾಗುತ್ತಲೇ ಇರಲಿಲ್ಲ. ಮುಂದಿನ ಪ್ರವಾಸದ ಮೊದಲ ರಾತ್ರಿಯೇ ಕತ್ತಲಲ್ಲಿ ಕೂರಬೇಕಾಗುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ. ಪ್ಲಗ್ ಹಾಕಿಟ್ಟ ಗಾಡಿ ಜಾಸ್ತಿ ಕರೆಂಟ್ ಎಳೆಯುತ್ತಿದ್ದರೆ ತಪ್ಪು ಪ್ಲಗ್‌ನದಲ್ಲ. ಒಳಗೆ ಏನೋ ತಾನಾಗಿ ಓಡುತ್ತಿದೆ, ಇಲ್ಲವೇ ಏನೋ ಕೆಟ್ಟಿದೆ. ಅದನ್ನು ಹುಡುಕುವುದು ಕಷ್ಟದ ಕೆಲಸವಲ್ಲ. ಎರಡು ಮೂರು ದಿನದ ತಾಳ್ಮೆ ಬೇಕು.

ಮೊದಲು ಎಷ್ಟಿರಬೇಕು ಅನ್ನುವ ಲೆಕ್ಕ

ಒಂದು ಯೂನಿಟ್ ಅಂದರೆ 1000 ವ್ಯಾಟ್‌ನ ವಸ್ತು ಒಂದು ಗಂಟೆ ಓಡಿದಷ್ಟು. ಇದು ಎಲ್ಲರಿಗೂ ಗೊತ್ತು. ನಿಂತ ಗಾಡಿಯ ವಿಷಯದಲ್ಲಿ ಇದನ್ನೇ ತಿರುಗಿಸಿ ನೋಡಿದರೆ ಉಪಯೋಗ ಜಾಸ್ತಿ. ಒಂದೇ ಒಂದು ವ್ಯಾಟ್ 30 ದಿನ ಬಿಡದೆ ಹರಿದರೆ 0.72 ಯೂನಿಟ್. ವರ್ಷವಿಡೀ ಹರಿದರೆ 8.76 ಯೂನಿಟ್. 100 ವ್ಯಾಟ್ ಆದರೆ ತಿಂಗಳಿಗೆ 72 ಯೂನಿಟ್. ನನ್ನ 210 ಯೂನಿಟ್‌ಗೆ ಈ ಲೆಕ್ಕ ಹಾಕಿದಾಗ ಸುಮಾರು 290 ವ್ಯಾಟ್ ಬಂತು. ಅಂದರೆ ಮೂರು 100 ವ್ಯಾಟ್ ಬಲ್ಬುಗಳನ್ನು ಹಗಲು ರಾತ್ರಿ ಉರಿಸಿಟ್ಟ ಹಾಗೆ. ಈ ಅಂಕಿ ಕೈಗೆ ಬಂದಮೇಲೆ ಹುಡುಕುವುದು ಸುಲಭ, ಯಾಕೆಂದರೆ ಎಷ್ಟು ದೊಡ್ಡದನ್ನು ಹುಡುಕುತ್ತಿದ್ದೇವೆ ಅನ್ನುವುದು ಗೊತ್ತಿರುತ್ತದೆ.

ಹಾಗಾದರೆ ಎಲ್ಲ ಸರಿಯಿರುವ ಗಾಡಿ ಎಷ್ಟು ಎಳೆಯಬೇಕು? ಬ್ಯಾಟರಿ ತುಂಬಿದೆ, ಫ್ರಿಜ್ ಗೀಸರ್ ಎಲ್ಲ ಬಂದ್ ಅಂದುಕೊಳ್ಳಿ. ಉಳಿಯುವುದು ಚಾರ್ಜರ್ ಸುಮ್ನೆ ಎಳೆಯುವ ಒಂದಿಷ್ಟು, ಗ್ಯಾಸ್ ಅಲಾರಂ, ರೇಡಿಯೋದ ಗಡಿಯಾರದಂಥ ಚಿಲ್ಲರೆ ಸಾಮಾನು. ನಾನು ಅಳೆದು ನೋಡಿದ ಗಾಡಿಗಳಲ್ಲಿ ಇದೆಲ್ಲ ಸೇರಿ 15ರಿಂದ 40 ವ್ಯಾಟ್ ಒಳಗೇ ಬಂದಿದೆ. ತಿಂಗಳಿಗೆ 11ರಿಂದ 29 ಯೂನಿಟ್. ನಿಮ್ಮ ಯೂನಿಟ್ ದರದಿಂದ ಗುಣಿಸಿ ನೋಡಿ, ಹೊಸ ಬ್ಯಾಟರಿಯ ಬೆಲೆಯ ಮುಂದೆ ಅದು ದೊಡ್ಡ ಮೊತ್ತವಲ್ಲ. ಸರಾಸರಿ 60 ವ್ಯಾಟ್ ದಾಟಿತು ಅಂದರೆ ನಾನು ಹುಡುಕಲು ಕೂರುತ್ತೇನೆ.

ಅಳೆಯುವುದು

ಅಂದಾಜಿನ ಮೇಲೆ ಹೋಗಬೇಡಿ. ಗೋಡೆಯ ಸಾಕೆಟ್‌ಗೂ ಗಾಡಿಯ ವೈರಿಗೂ ನಡುವೆ ಹಾಕುವ ಪ್ಲಗ್ ಮೀಟರ್ ಸಿಗುತ್ತದೆ. ಎಷ್ಟು ವ್ಯಾಟ್ ಎಳೆಯುತ್ತಿದೆ, ಒಟ್ಟು ಎಷ್ಟು ಯೂನಿಟ್ ಆಯಿತು ಅಂತ ಎರಡನ್ನೂ ತೋರಿಸುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಒಂದು ಎಚ್ಚರ ಮಾತ್ರ ಬೇಕು. ಅದರ ಮೇಲೆ ಎಷ್ಟು ಆಂಪಿಯರ್ ತಡೆಯುತ್ತದೆ ಅಂತ ಬರೆದಿರುತ್ತದೆ. ಮೋಟರ್‌ಹೋಮ್‌ನ ದಪ್ಪ ವೈರು ಅದಕ್ಕಿಂತ ಜಾಸ್ತಿ ಎಳೆಯಬಲ್ಲದು. ಹಾಗಾಗಿ ಮೀಟರ್ ಹಾಕಿರುವಾಗ ಎಸಿ, ಹೀಟರ್, ಗೀಸರ್ ಯಾವುದನ್ನೂ ನೀವಾಗಿ ಆನ್ ಮಾಡಬೇಡಿ.

ಬಹಳ ಜನ ತಪ್ಪುವುದು ಇಲ್ಲೇ. ಮೀಟರ್ ಹಾಕುತ್ತಾರೆ, ಐದು ನಿಮಿಷ ನೋಡುತ್ತಾರೆ, 35 ವ್ಯಾಟ್ ಅಂತ ತೋರಿಸುತ್ತದೆ, ಎಲ್ಲ ಸರಿಯಿದೆ ಅಂತ ಹೋಗಿಬಿಡುತ್ತಾರೆ. ಗೀಸರ್ ಹಾಗಲ್ಲ. ನೀರು ಕಾದಮೇಲೆ ನಿಲ್ಲುತ್ತದೆ, ತಣ್ಣಗಾದಾಗ ಮತ್ತೆ ಶುರುವಾಗುತ್ತದೆ. ತೊಟ್ಟಿಯ ಹೀಟರ್ ರಾತ್ರಿ ಚಳಿಗೆ ಮಾತ್ರ ಏಳುತ್ತದೆ. ನೀವು ನೋಡಿದ ಐದು ನಿಮಿಷದಲ್ಲಿ ಅವು ಮಲಗಿದ್ದರೆ ಸಿಕ್ಕುವುದೇ ಇಲ್ಲ. ಪೂರ್ತಿ 24 ಗಂಟೆ ಬಿಡಿ. ವ್ಯಾಟ್ ಅಂಕಿಯನ್ನಲ್ಲ, ಯೂನಿಟ್ ಅಂಕಿಯನ್ನು ಬರೆದುಕೊಳ್ಳಿ. ನನ್ನ ಗಾಡಿಯಲ್ಲಿ ಮೊದಲ ದಿನ ಬಂದದ್ದು 7.0 ಯೂನಿಟ್. ತಿಂಗಳಿಗೆ 210. ಬಿಲ್ಲಿಗೆ ಸರಿಹೊಂದಿತು. ಹಾಗಾಗಿ ಕಳ್ಳ ಗಾಡಿಯೊಳಗೇ ಇದ್ದಾನೆ, ಮನೆಯಲ್ಲಲ್ಲ ಅಂತ ಖಾತ್ರಿಯಾಯಿತು.

ಪ್ಲಗ್ ಮೀಟರ್ ಇಲ್ಲದಿದ್ದರೆ ಮನೆಯ ಮೀಟರೇ ಸಾಕು. ಡಿಜಿಟಲ್ ಮೀಟರ್ ಮೇಲೆ ಮಿನುಗುವ ಚಿಕ್ಕ ಕೆಂಪು ದೀಪ ಇರುತ್ತದೆ. ಅದರ ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಅಂತ ಬರೆದಿರುತ್ತದೆ, 1000 ಅಥವಾ 3200 ಅಂತ. 1000 ಇದ್ದರೆ, 36 ಸೆಕೆಂಡಿಗೆ ಒಂದು ಸಲ ಮಿನುಗಿದರೆ 100 ವ್ಯಾಟ್. 3200 ಇದ್ದರೆ ಸುಮಾರು 11 ಸೆಕೆಂಡಿಗೆ ಒಂದು ಸಲ. ಮನೆಯ ಉಳಿದ ಬ್ರೇಕರ್‌ಗಳನ್ನು ಸ್ವಲ್ಪ ಹೊತ್ತು ಇಳಿಸಿ, ಗಾಡಿಯದ್ದನ್ನು ಮಾತ್ರ ಬಿಟ್ಟು ಎಣಿಸಿ.

ವೈರಿನ ಸುತ್ತ ಇಕ್ಕಳದ ಹಾಗೆ ಹಿಡಿದು ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಇಟ್ಟುಕೊಂಡವರಿಗೆ ಎರಡು ಮಾತು. ಇಡೀ ವೈರಿನ ಸುತ್ತ ಹಾಕಿದರೆ ಸೊನ್ನೆ ತೋರಿಸುತ್ತದೆ, ಏಕೆಂದರೆ ಹೋಗುವ ಕರೆಂಟೂ ಬರುವ ಕರೆಂಟೂ ಒಂದನ್ನೊಂದು ಅಳಿಸಿಹಾಕುತ್ತವೆ. ಒಂಟಿ ಫೇಸ್ ವೈರಿಗೆ ಹಾಕಬೇಕು. ಇನ್ನೊಂದು, ಹಳೆಯ ಚಾರ್ಜರ್‌ಗಳ ಪವರ್ ಫ್ಯಾಕ್ಟರ್, ಅಂದರೆ ಎಳೆದದ್ದರಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು, ಕಡಿಮೆ. ಆಂಪಿಯರ್ ಅನ್ನು ವೋಲ್ಟ್‌ನಿಂದ ಗುಣಿಸಿದರೆ ಬರುವ ಅಂಕಿ ನಿಜವಾದ ವ್ಯಾಟ್‌ಗಿಂತ ಜಾಸ್ತಿ ಬರುತ್ತದೆ. ಮನೆಯ ಮೀಟರ್ ಎಣಿಸುವುದು ನಿಜವಾದ ವ್ಯಾಟನ್ನು. ಆ ದೊಡ್ಡ ಅಂಕಿ ನೋಡಿ ಗಾಬರಿಯಾಗಬೇಡಿ.

ಒಂದೊಂದೇ ಬ್ರೇಕರ್ ಇಳಿಸಿ ನೋಡುವುದು

ಗಾಡಿಯೊಳಗಿನ ಬ್ರೇಕರ್ ಪೆಟ್ಟಿಗೆಯ ಬಾಗಿಲು ತೆಗೆಯಿರಿ. ಬಾಗಿಲು ಮಾತ್ರ, ಸ್ಕ್ರೂ ಬಿಚ್ಚುವುದು ಬೇಡ. ಇನ್ನೊಬ್ಬರನ್ನು ಮೀಟರ್ ಹತ್ತಿರ ನಿಲ್ಲಿಸಿ. ನೀವು ಒಂದು ಬ್ರೇಕರ್ ಇಳಿಸಿ ಕೂಗಿ, ಅವರು ವ್ಯಾಟ್ ಎಷ್ಟಾಯಿತು ಅಂತ ಕೂಗಲಿ. ಬರೆದುಕೊಳ್ಳಿ, ಮತ್ತೆ ಏರಿಸಿ, ಮುಂದಿನದಕ್ಕೆ ಹೋಗಿ. ಯಾವುದನ್ನು ಇಳಿಸಿದಾಗ ಅಂಕಿ ದೊಪ್ಪನೆ ಬೀಳುತ್ತದೋ ಆ ಸಾಲಿನಲ್ಲಿ ನಿಮ್ಮ ಕರೆಂಟ್ ಹೋಗುತ್ತಿದೆ. ಒಬ್ಬರೇ ಇದ್ದರೆ ಫೋನಿನಲ್ಲಿ ಮೀಟರಿನ ವಿಡಿಯೋ ಹಚ್ಚಿಟ್ಟು ಒಳಗೆ ಹೋಗಿ, ಆಮೇಲೆ ನೋಡಿದರೂ ನಡೆಯುತ್ತದೆ.

ನನ್ನ ಗಾಡಿಯಲ್ಲಿ ಎರಡು ಕಡೆ ಬಿತ್ತು. ಫ್ರಿಜ್‌ನ ಬ್ರೇಕರ್ ಇಳಿಸಿದಾಗ 150 ವ್ಯಾಟ್. ಚಾರ್ಜರ್‌ನದ್ದು ಇಳಿಸಿದಾಗ ಇನ್ನೂ 140. ಅಂದರೆ ಒಂದಲ್ಲ, ಎರಡು ತೊಂದರೆ. ಇದು ಅಪರೂಪವಲ್ಲ. ಒಂದು ಸಿಕ್ಕಿದ ಖುಷಿಯಲ್ಲಿ ನಿಲ್ಲಿಸಬೇಡಿ.

ಫ್ರಿಜ್

ಮೋಟರ್‌ಹೋಮ್‌ನ ಫ್ರಿಜ್ ಮನೆಯ ಫ್ರಿಜ್‌ನಂತಲ್ಲ. ಬಹಳಷ್ಟು ಗಾಡಿಗಳಲ್ಲಿ ಕಂಪ್ರೆಸರ್ ಇರುವುದಿಲ್ಲ. ಅಮೋನಿಯಾ ಬೆರೆತ ನೀರನ್ನು ಕಾಯಿಸಿ ತಂಪು ಮಾಡುವ ಫ್ರಿಜ್ ಅದು. ಕಾಯಿಸಲು ಗ್ಯಾಸ್ ಆದರೂ ಆಗುತ್ತದೆ, ಕರೆಂಟ್ ಆದರೂ ಆಗುತ್ತದೆ. ಆಟೋ ಅನ್ನುವ ಬಟನ್ ಒತ್ತಿದ್ದರೆ ಕರೆಂಟ್ ಕಂಡ ಕೂಡಲೇ ಗ್ಯಾಸ್ ಬಿಟ್ಟು ಕರೆಂಟಿಗೆ ಬರುತ್ತದೆ. ಅದರೊಳಗಿನ ಹೀಟರ್ ಚಿಕ್ಕ ಫ್ರಿಜ್‌ನಲ್ಲಿ 120ರಿಂದ 190 ವ್ಯಾಟ್, ದೊಡ್ಡದರಲ್ಲಿ 300 ವ್ಯಾಟ್ ಮೇಲೆ.

ಕೊನೆಯ ಪ್ರವಾಸ ಮುಗಿಸಿ ಬಂದ ದಿನ ಫ್ರಿಜ್ ಖಾಲಿ ಮಾಡಿದ್ದೆವು. ವಾಸನೆ ಹಿಡಿಯಬಾರದು, ಬೂಷ್ಟು ಬರಬಾರದು ಅಂತ ಬಾಗಿಲ ಸಂದಿಗೆ ಒಂದು ಬಟ್ಟೆ ಮಡಚಿಟ್ಟು ಅರ್ಧ ತೆರೆದಿಟ್ಟಿದ್ದೆವು. ಅದು ಸರಿಯಾದ ಅಭ್ಯಾಸವೇ. ಆದರೆ ಫ್ರಿಜ್ ಬಂದ್ ಮಾಡುವುದು ಮರೆತಿತ್ತು. ಅಲ್ಲಿ ದಾರಿಯುದ್ದಕ್ಕೂ ಗ್ಯಾಸಿನಲ್ಲಿ ಓಡಿ ಬಂದದ್ದು, ಇಲ್ಲಿ ಪ್ಲಗ್ ಹಾಕಿದ ಕೂಡಲೇ ಕರೆಂಟಿಗೆ ತಿರುಗಿಕೊಂಡಿತು. ಬಾಗಿಲು ತೆರೆದಿರುವುದರಿಂದ ಒಳಗೆ ಎಂದೂ ತಂಪಾಗಲಿಲ್ಲ. ತಂಪಾಗದಿದ್ದರೆ ಥರ್ಮೋಸ್ಟಾಟ್ ಹೀಟರನ್ನು ನಿಲ್ಲಿಸುವುದಿಲ್ಲ. 150 ವ್ಯಾಟ್, ಒಂದು ನಿಮಿಷವೂ ಬಿಡುವಿಲ್ಲದೆ. ಪರದೆ ಎಳೆದು ಕತ್ತಲಾಗಿದ್ದ ಗಾಡಿಯೊಳಗೆ ಹೋದಾಗ ಕಂಡದ್ದು ಆ ಬಟ್ಟೆಯ ಮೇಲೆ ಬಿದ್ದಿದ್ದ ಮಂಕು ಬೆಳಕು. ಫ್ರಿಜ್‌ನ ಒಳದೀಪ ಎರಡು ತಿಂಗಳಿಂದ ಉರಿಯುತ್ತಲೇ ಇತ್ತು. ಹೊರಗಡೆ ಫ್ರಿಜ್‌ನ ಹಿಂಭಾಗದ ಜಾಲರಿಗೆ ಕೈ ಹಿಡಿದರೆ ಬಿಸಿಗಾಳಿ ಬರುತ್ತಿತ್ತು.

ಈ ಕೊನೆಯದು ಒಳ್ಳೆಯ ಪರೀಕ್ಷೆ. ಒಳಗೆ ಹೋಗದೆಯೂ ಮಾಡಬಹುದು. ಗಾಡಿಯ ಹೊರಗೋಡೆಯಲ್ಲಿ ಫ್ರಿಜ್‌ನ ಕೆಳಗೊಂದು ಮೇಲೊಂದು ಜಾಲರಿ ಇರುತ್ತದೆ. ಬೆಳಗ್ಗೆ ಬಿಸಿಲು ಬೀಳುವ ಮೊದಲು ಮೇಲಿನದರ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ಫ್ರಿಜ್ ಓಡುತ್ತಿದೆ.

ಬಂದ್ ಮಾಡಿ ಮತ್ತೆ 24 ಗಂಟೆ ಅಳೆದೆ. 7.0ರಿಂದ 3.4 ಯೂನಿಟ್‌ಗೆ ಇಳಿಯಿತು.

ಉಳಿದ ದೊಡ್ಡ ಹೊಟ್ಟೆಗಳು

ನಿಮ್ಮ ಗಾಡಿಯಲ್ಲಿ ಫ್ರಿಜ್ ಬಂದ್ ಇದ್ದೂ ಅಂಕಿ ಜಾಸ್ತಿ ಬಂದರೆ ಮುಂದಿನ ಅನುಮಾನ ಗೀಸರ್. ಅದರ ಕರೆಂಟ್ ಸ್ವಿಚ್ ಎರಡು ಕಡೆ ಇರಬಹುದು. ಒಂದು ಒಳಗಿನ ಪ್ಯಾನೆಲ್ ಮೇಲೆ, ಇನ್ನೊಂದು ಹೊರಗೆ ಗೀಸರ್‌ನ ಮುಚ್ಚಳ ತೆಗೆದಾಗ ಮೂಲೆಯಲ್ಲಿ. ಎಲಿಮೆಂಟ್ 1400 ವ್ಯಾಟ್ ಆಸುಪಾಸು ಇರುತ್ತದೆ, ಹಾಗಾಗಿ ಓಡುವಾಗ ಮೀಟರ್ ಜಿಗಿಯುತ್ತದೆ. ಇಲ್ಲಿ ಬಿಲ್ಲಿಗಿಂತ ದೊಡ್ಡ ಅಪಾಯ ಒಂದಿದೆ. ನಿಲ್ಲಿಸಿಡುವ ಮೊದಲು ನೀರು ಖಾಲಿ ಮಾಡಿರುತ್ತೀರಿ ಅಲ್ವಾ? ಖಾಲಿ ತೊಟ್ಟಿಯಲ್ಲಿ ಎಲಿಮೆಂಟ್ ಆನ್ ಆದರೆ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಹಾಗಾಗಿ ಖಾಲಿ ಮಾಡಿದ ದಿನವೇ ಆ ಬ್ರೇಕರ್ ಇಳಿಸಿ, ಮೇಲೊಂದು ಟೇಪ್ ಅಂಟಿಸಿ.

ಡೀಸೆಲ್ ಗಾಡಿ ಇದ್ದವರು ಎಂಜಿನ್ ಬ್ಲಾಕ್ ಹೀಟರ್ ಮರೆಯಬಾರದು. ಚಳಿಯಲ್ಲಿ ಎಂಜಿನ್ ಬೇಗ ಶುರುವಾಗಲಿ ಅಂತ ಕೂಲಂಟ್ ಕಾಯಿಸುವ ಹೀಟರ್ ಅದು. ಸ್ವಿಚ್ ಎಲ್ಲೋ ಮಂಚದ ಪಕ್ಕದಲ್ಲೋ, ಅಡುಗೆ ಕಟ್ಟೆಯ ಕೆಳಗೋ ಇರುತ್ತದೆ. ಮೇಲೆ ಏನೂ ಬರೆದಿರುವುದಿಲ್ಲ. ಯಾವುದೋ ದೀಪದ ಸ್ವಿಚ್ ಇರಬೇಕು ಅಂತ ಯಾರೋ ಒತ್ತಿ, ದೀಪ ಹತ್ತಲಿಲ್ಲ ಅಂತ ಹಾಗೇ ಬಿಟ್ಟಿರುತ್ತಾರೆ. 1000 ವ್ಯಾಟ್‌ನದ್ದಾದರೆ ದಿನಕ್ಕೆ 24 ಯೂನಿಟ್. ಥರ್ಮೋಸ್ಟಾಟ್ ಇಲ್ಲದ್ದು ತಾನಾಗಿ ನಿಲ್ಲುವುದೂ ಇಲ್ಲ. ಬಾನೆಟ್ ತೆಗೆದು ಎಂಜಿನ್ ಮುಟ್ಟಿ ನೋಡಿ. ವಾರದಿಂದ ನಿಂತ ಎಂಜಿನ್ ಬೆಚ್ಚಗಿರಲು ಬೇರೆ ಕಾರಣವೇ ಇಲ್ಲ.

ನೀರಿನ ತೊಟ್ಟಿಗಳ ಕೆಳಗೆ ಅಂಟಿಸಿದ ಹೀಟರ್ ಪ್ಯಾಡ್‌ಗಳು ಚಳಿಗಾಲದಲ್ಲಿ ಮಾತ್ರ ಏಳುತ್ತವೆ. ತೊಟ್ಟಿ ಖಾಲಿ ಇದ್ದರೆ ಅವು ಬೇಕೇ ಇಲ್ಲ. ಎಸಿಯ ಥರ್ಮೋಸ್ಟಾಟ್ ಆಟೋದಲ್ಲಿ ಬಿಟ್ಟಿದ್ದರೆ ಬೇಸಿಗೆಯ ಮಧ್ಯಾಹ್ನ ಯಾರೂ ಇಲ್ಲದ ಗಾಡಿಯನ್ನು ತಂಪು ಮಾಡುತ್ತಿರುತ್ತದೆ.

ಪೈಪ್ ಹೆಪ್ಪುಗಟ್ಟಬಾರದು ಅಂತ ಚಳಿಗಾಲವಿಡೀ ಒಳಗೆ ಕರೆಂಟ್ ಹೀಟರ್ ಇಟ್ಟವರನ್ನು ನೋಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. 1500 ವ್ಯಾಟ್‌ನ ಹೀಟರ್ ದಿನದ ಮೂರರಲ್ಲೊಂದು ಪಾಲು ಓಡಿದರೂ ದಿನಕ್ಕೆ 12 ಯೂನಿಟ್. ಯಾರೂ ಇಲ್ಲದ ಗಾಡಿಯಲ್ಲಿ ಬೆಂಕಿಯ ಭಯ ಬೇರೆ. ಒಂದು ಮಧ್ಯಾಹ್ನ ಕೂತು ಪೈಪು ತೊಟ್ಟಿಗಳ ನೀರನ್ನೆಲ್ಲ ಇಳಿಸಿಬಿಟ್ಟರೆ ಹೀಟರೇ ಬೇಡ.

ಚಾರ್ಜರ್ ಮತ್ತು ಬ್ಯಾಟರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಬಿಲ್ಲಿನ ಜೊತೆ ಬ್ಯಾಟರಿಯೂ ಹಾಳಾಗುವುದು ಇಲ್ಲೇ.

ಮನೆಯ ಕರೆಂಟನ್ನು 12 ವೋಲ್ಟ್ ಮಾಡಿ ಗಾಡಿಗೂ ಬ್ಯಾಟರಿಗೂ ಕೊಡುವ ಪೆಟ್ಟಿಗೆ ಕನ್ವರ್ಟರ್. ನಾನು ಚಾರ್ಜರ್ ಅನ್ನುತ್ತಿರುವುದು ಇದನ್ನೇ. ಈಗಿನವು ಹಂತ ಹಂತವಾಗಿ ಚಾರ್ಜ್ ಮಾಡುತ್ತವೆ. ಬ್ಯಾಟರಿ ಖಾಲಿಯಿದ್ದಾಗ 14.4 ವೋಲ್ಟ್ ಹತ್ತಿರ ತಳ್ಳುತ್ತವೆ, ತುಂಬಿದಮೇಲೆ 13.6ಕ್ಕೆ ಇಳಿಯುತ್ತವೆ, ಕೆಲವು ಇನ್ನೂ ಕೆಳಗೆ 13.2ಕ್ಕೆ ಬಂದು ಸುಮ್ಮನೆ ಕಾವಲು ಕೂರುತ್ತವೆ. ಹಳೆಯ ಕಾಲದವು ಗುಂಯ್ ಅಂತ ಸದ್ದು ಮಾಡುತ್ತಾ ತುಂಬಿದ ಬ್ಯಾಟರಿಗೂ ಒಂದೇ ವೋಲ್ಟೇಜ್ ಕೊಡುತ್ತಲೇ ಇರುತ್ತವೆ. ಬ್ಯಾಟರಿಯ ನೀರು ಆರಲು ಅದೇ ಕಾರಣ.

ಮೊದಲು ಪ್ಲಗ್ ಹಾಕಿರುವಾಗಲೇ ಬ್ಯಾಟರಿ ಟರ್ಮಿನಲ್‌ಗಳ ಮೇಲೆ ಮಲ್ಟಿಮೀಟರ್ ಇಟ್ಟು ವೋಲ್ಟ್ ನೋಡಿ. ಮೂರು ನಾಲ್ಕು ದಿನದಿಂದ ಪ್ಲಗ್‌ನಲ್ಲಿರುವ ಗಾಡಿಯಲ್ಲಿ 13.2ರಿಂದ 13.8ರ ಒಳಗೆ ಬರಬೇಕು. ಇನ್ನೂ 14.4 ತೋರಿಸುತ್ತಿದ್ದರೆ ಚಾರ್ಜರ್ ಹಂತ ಬದಲಿಸಿಲ್ಲ. ಒಂದೋ ಚಾರ್ಜರ್ ಕೆಟ್ಟಿದೆ, ಇಲ್ಲವೇ ಬ್ಯಾಟರಿ ತುಂಬಿದೆ ಅಂತ ಅದಕ್ಕೆ ಗೊತ್ತಾಗುತ್ತಿಲ್ಲ. ಕೆಲವು ಚಾರ್ಜರ್ ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹೊತ್ತು ಬೇಕೆಂದೇ 14.4ಕ್ಕೆ ಏರುತ್ತವೆ, ಅದಕ್ಕೇ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ ತೀರ್ಮಾನಿಸಿ. 12.6 ಅಥವಾ ಅದಕ್ಕಿಂತ ಕಡಿಮೆ ಬಂದರೆ ಚಾರ್ಜರ್‌ನ ಕರೆಂಟ್ ಬ್ಯಾಟರಿಗೆ ತಲುಪುತ್ತಲೇ ಇಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನದರಲ್ಲಿ 13.6 ಇತ್ತು. ನೋಡಲು ಸರಿಯೇ. ಆದರೆ ಬ್ಯಾಟರಿಗೆ ಹೋಗುವ ವೈರಿಗೆ ಕ್ಲ್ಯಾಂಪ್ ಹಾಕಿದಾಗ 6.5 ಆಂಪಿಯರ್. ಎರಡು ತಿಂಗಳಿಂದ ಚಾರ್ಜ್ ಆಗುತ್ತಿರುವ ಬ್ಯಾಟರಿ ಇಷ್ಟು ಕುಡಿಯಬಾರದು. ತುಂಬಿದ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು. 13.6 ವೋಲ್ಟ್‌ಗೆ 6.5 ಆಂಪಿಯರ್ ಅಂದರೆ 88 ವ್ಯಾಟ್. ಚಾರ್ಜರ್ ತನ್ನೊಳಗೆ ಬಿಸಿಯಾಗಿ ಕಳೆಯುವುದನ್ನೂ ಸೇರಿಸಿದರೆ ಗೋಡೆಯಿಂದ 110 ವ್ಯಾಟ್. ಚಾರ್ಜರ್‌ನ 140ರಲ್ಲಿ ಉಳಿದ 30 ವ್ಯಾಟ್ ಮೊದಲು ಹೇಳಿದ ಮಾಮೂಲಿ ಚಿಲ್ಲರೆ ಖರ್ಚು. ಲೆಕ್ಕ ಕೂಡಿಬಂತು. ಕ್ಲ್ಯಾಂಪ್ ಕೊಳ್ಳುವವರು ಅದು ಡಿಸಿ, ಅಂದರೆ ಬ್ಯಾಟರಿಯ ಕರೆಂಟ್, ಅಳೆಯುತ್ತದೆಯೇ ಅಂತ ನೋಡಿ ಕೊಳ್ಳಿ. ಕಡಿಮೆ ಬೆಲೆಯ ಎಷ್ಟೋ ಕ್ಲ್ಯಾಂಪ್‌ಗಳು ಮನೆಯ ಎಸಿ ಕರೆಂಟ್ ಮಾತ್ರ ಅಳೆಯುತ್ತವೆ.

ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ಮೊದಲು ಚಾರ್ಜರ್‌ನ ಬ್ರೇಕರ್ ಇಳಿಸಿ, ಬಾಗಿಲು ಕಿಟಕಿ ತೆಗೆದು ಗಾಳಿಯಾಡಲು ಬಿಡಿ. ಕುದಿಯುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಒಂದು ಕಿಡಿ ಸಾಕು. ಆ ವಾಸನೆಯ ಗ್ಯಾಸೂ ಉಸಿರಿಗೆ ಒಳ್ಳೆಯದಲ್ಲ. ಅರ್ಧ ಗಂಟೆ ಬಿಟ್ಟು ಬಂದು, ಕನ್ನಡಕ ಕೈಗವಸು ಹಾಕಿಕೊಂಡು, ಮೈನಸ್ ವೈರನ್ನು ಮೊದಲು ಬಿಚ್ಚಿದೆ.

ಅಲ್ಲಿ ಎರಡು ಬ್ಯಾಟರಿ ಜೋಡಿಸಿದ್ದವು. ಒಂದು ತಣ್ಣಗಿತ್ತು. ಇನ್ನೊಂದರ ಮೈ ಕಾಫಿ ಲೋಟದಷ್ಟು ಬಿಸಿ. ಎರಡನ್ನೂ ಬೇರೆ ಬೇರೆ ಮಾಡಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ತಣ್ಣಗಿದ್ದದ್ದು 12.6 ವೋಲ್ಟ್ ತೋರಿಸಿತು, ಬಿಸಿಯಾಗಿದ್ದದ್ದು 10.4.

ಈ ಹತ್ತೂವರೆ ಆಸುಪಾಸಿನ ಅಂಕಿಯನ್ನು ನೆನಪಿಡಿ. 12 ವೋಲ್ಟ್ ಬ್ಯಾಟರಿಯಲ್ಲಿ ಆರು ಸೆಲ್, ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಒಂದು ಸೆಲ್ ಒಳಗೇ ಶಾರ್ಟ್ ಆದರೆ ಅದರ 2.1 ಕಳೆದು ಹತ್ತೂವರೆ ಹತ್ತಿರ ನಿಲ್ಲುತ್ತದೆ. ಚಾರ್ಜರ್‌ಗೆ ಇದು ತಿಳಿಯುವುದಿಲ್ಲ. ಆರು ಸೆಲ್‌ಗೆ ಕೊಡಬೇಕಾದ್ದನ್ನು ಐದಕ್ಕೆ ತುರುಕುತ್ತದೆ. ಆ ಐದೂ ಕುದಿಯುತ್ತವೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದಾಗ ಐದು ಸೆಲ್‌ಗಳಲ್ಲಿ ನೀರು ಪ್ಲೇಟುಗಳಿಗಿಂತ ಕೆಳಗೆ ಇಳಿದಿತ್ತು, ಪ್ಲೇಟಿನ ಅಂಚು ಒಣಗಿ ಬೆಳ್ಳಗಾಗಿತ್ತು. ಶಾರ್ಟ್ ಆದ ಒಂದರಲ್ಲಿ ಮಾತ್ರ ನೀರು ಹೆಚ್ಚುಕಡಿಮೆ ಹಾಗೇ ಇತ್ತು. ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ ಎಳೆದು ನೋಡಿದರೆ ಅದರ ಆಸಿಡ್ ನೀರಿನ ಹಾಗೆ ತೆಳು. ತುಂಬಿದ ಸೆಲ್ 1.265 ಹತ್ತಿರ ತೋರಿಸಬೇಕು.

ಇಂಥ ಬ್ಯಾಟರಿಯನ್ನು ಉಳಿಸುವ ದಾರಿ ಇಲ್ಲ. ನೀರು ಹಾಕಿ ಮತ್ತೆ ಚಾರ್ಜಿಗೆ ಇಡುವುದು ಬೇಡ. ಜೊತೆಗಿದ್ದ ಒಳ್ಳೆಯ ಬ್ಯಾಟರಿ ಸಹ ಪ್ಲಗ್ ಕಿತ್ತ ಕೂಡಲೇ ಈ ಕೆಟ್ಟದ್ದಕ್ಕೆ ತನ್ನ ಚಾರ್ಜ್ ಸುರಿದು ಹಾಳಾಗುತ್ತದೆ. ನಾನು ಕೆಟ್ಟದ್ದನ್ನು ತೆಗೆದು ಒಂದರಲ್ಲೇ ಓಡಿಸಿದೆ. ಮತ್ತೆ 24 ಗಂಟೆ ಅಳೆದಾಗ 0.7 ಯೂನಿಟ್. ಸುಮಾರು 29 ವ್ಯಾಟ್, ತಿಂಗಳಿಗೆ 21 ಯೂನಿಟ್. ಗಾಡಿ ಅದೇ, ಪ್ಲಗ್ ಅದೇ. 210 ಯೂನಿಟ್ 21 ಆಯಿತು.

ಸೆಲ್ ಶಾರ್ಟ್ ಆಗಿಲ್ಲ, ನೀರು ಮಾತ್ರ ಇಳಿದಿದೆ ಅಂದರೆ ಡಿಸ್ಟಿಲ್ಡ್ ವಾಟರ್ ಹಾಕಬಹುದು. ಪ್ಲೇಟ್ ಹೊರಗೆ ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಹಾಕಿ ಚಾರ್ಜ್ ಮಾಡಿ. ಗುರುತಿನವರೆಗೆ ತುಂಬುವುದು ಚಾರ್ಜ್ ಆದಮೇಲೆ. ಮೊದಲೇ ತುಂಬಿದರೆ ಆಸಿಡ್ ಉಬ್ಬಿ ಹೊರಗೆ ಚೆಲ್ಲುತ್ತದೆ.

ಚಿಲ್ಲರೆ ಸೋರಿಕೆ

ಹನಿಹನಿಗೂಡಿದರೆ ಹಳ್ಳ. 12 ವೋಲ್ಟ್ ಕಡೆಯ ಚಿಕ್ಕ ಚಿಕ್ಕ ಸಾಮಾನು ಕರೆಂಟ್ ಬಿಲ್ಲಿನಲ್ಲಿ ಕಾಣುವುದಿಲ್ಲ, ಪ್ಲಗ್ ಕಿತ್ತಾಗ ಕಾಣುತ್ತವೆ. ಗ್ಯಾಸ್ ಅಲಾರಂ, ಟಿವಿ ಆಂಟೆನಾ ಬೂಸ್ಟರ್, ಯುಎಸ್‌ಬಿ ಸಾಕೆಟ್, ಮಡಚುವ ಮೆಟ್ಟಿಲಿನ ಮೋಟರ್, ಫ್ರಿಜ್ ಗೀಸರ್‌ಗಳ ಬೋರ್ಡ್, ಆನ್ ಉಳಿದ ಇನ್ವರ್ಟರ್. ಕೆಲವು ಫ್ರಿಜ್‌ಗಳಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಬೆವರು ಕೂರದಿರಲಿ ಅಂತ ಒಂದು ಸಣ್ಣ ಹೀಟರ್ ಇರುತ್ತದೆ, ಅದರ ಸ್ವಿಚ್ ಬಾಗಿಲು ತೆಗೆದರೆ ಮಾತ್ರ ಕಾಣುತ್ತದೆ. ಇವೆಲ್ಲ ಸೇರಿ ಅರ್ಧ ಆಂಪಿಯರ್ ಆದರೆ ದಿನಕ್ಕೆ 12 ಆಂಪಿಯರ್ ಅವರ್. 100 ಆಂಪಿಯರ್ ಅವರ್‌ನ ಬ್ಯಾಟರಿ ನಾಲ್ಕೇ ದಿನದಲ್ಲಿ ಅರ್ಧಕ್ಕೆ ಬರುತ್ತದೆ. ಪ್ಲಗ್ ಕಿತ್ತು ನಿಶ್ಚಿಂತೆಯಾಗಿ ಕೂತವರ ಬ್ಯಾಟರಿ ಸಾಯುವುದು ಹೀಗೆ. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು, ಮೈನಸ್ ವೈರಿನಲ್ಲಿ ಆಂಪಿಯರ್ ನೋಡಿದರೆ ಯಾವುದು ಎಷ್ಟು ಅಂತ ಗೊತ್ತಾಗುತ್ತದೆ.

ಬ್ಯಾಟರಿ ಡಿಸ್ಕನೆಕ್ಟ್ ಸ್ವಿಚ್ ತಿರುಗಿಸಿದರೆ ಎಲ್ಲ ನಿಂತಿತು ಅಂದುಕೊಳ್ಳಬೇಡಿ. ಗ್ಯಾಸ್ ಅಲಾರಂ, ಮೆಟ್ಟಿಲಿನಂಥವನ್ನು ಆ ಸ್ವಿಚ್ ದಾಟಿ ನೇರವಾಗಿ ಬ್ಯಾಟರಿಗೇ ಜೋಡಿಸಿರುವ ಗಾಡಿಗಳಿವೆ.

ಈಗ ಆಗ ಬಿಟ್ಟ ವಿಷಯ. ಪ್ಲಗ್ ಹಾಕಿದೆ, ಒಳಗೆ ದೀಪ ಹತ್ತುತ್ತದೆ, ಆದರೂ ಬ್ಯಾಟರಿಯ ಮೇಲೆ 12.6ಕ್ಕಿಂತ ಕಡಿಮೆ. ಮೊದಲು ಡಿಸ್ಕನೆಕ್ಟ್ ಸ್ವಿಚ್ ನೋಡಿ. ಕೆಲವು ಗಾಡಿಗಳಲ್ಲಿ ಚಾರ್ಜರ್ ಸ್ವಿಚ್‌ನ ಆ ಕಡೆ ಇರುತ್ತದೆ, ಬ್ಯಾಟರಿ ಈ ಕಡೆ. ಸ್ವಿಚ್ ಬಂದ್ ಮಾಡಿ ಪ್ಲಗ್ ಹಾಕಿಟ್ಟರೆ ಚಾರ್ಜರ್ ಕರೆಂಟ್ ಎಳೆಯುತ್ತದೆ, ಬ್ಯಾಟರಿಗೆ ಹನಿಯೂ ಹೋಗುವುದಿಲ್ಲ. ಆಮೇಲೆ ಕನ್ವರ್ಟರ್‌ನ ಫ್ಯೂಸ್ ನೋಡಿ. ಬ್ಯಾಟರಿ ವೈರನ್ನು ಯಾವಾಗಲೋ ಉಲ್ಟಾ ಹಾಕಿದ್ದರೆ ಅದು ಸುಟ್ಟಿರುತ್ತದೆ. ಹಾಗೆಯೇ ಎಂಜಿನ್ನಿನ ಬ್ಯಾಟರಿ ಬೇರೆ, ಗಾಡಿಯೊಳಗಿನ ಬ್ಯಾಟರಿ ಬೇರೆ. ಮನೆಯ ಪ್ಲಗ್‌ನಿಂದ ಎಂಜಿನ್ ಬ್ಯಾಟರಿ ಚಾರ್ಜ್ ಆಗದ ಗಾಡಿಗಳು ಎಷ್ಟೋ ಇವೆ. ನಿಮ್ಮದರಲ್ಲಿ ಆಗುತ್ತದೆಯೇ ಅಂತ ತಿಳಿಯಲು ಅದರ ಮೇಲೂ ಮೀಟರ್ ಇಡಿ. 13 ದಾಟಿದರೆ ಆಗುತ್ತಿದೆ.

ಪ್ಲಗ್ ಬಿಸಿಯಾದರೆ

ಇದು ಬಿಲ್ಲಿನ ಮಾತಲ್ಲ, ಬೆಂಕಿಯ ಮಾತು. 30 ವ್ಯಾಟ್ ಎಳೆಯುವ ಗಾಡಿಯ ಪ್ಲಗ್ ತಣ್ಣಗಿರಬೇಕು. ಮುಟ್ಟಿದಾಗ ಬೆಚ್ಚಗಿದ್ದರೆ ಒಂದೋ ಒಳಗೆ ದೊಡ್ಡದೇನೋ ಓಡುತ್ತಿದೆ, ಇಲ್ಲವೇ ಪ್ಲಗ್‌ನ ಕಡ್ಡಿ ಸಡಿಲವಾಗಿದೆ, ಕಿಲುಬು ಹಿಡಿದಿದೆ. ಕಡ್ಡಿ ಕಪ್ಪಗಾಗಿದ್ದರೆ, ಪ್ಲಾಸ್ಟಿಕ್ ಕಂದಿದ್ದರೆ ಉಜ್ಜಿ ಮತ್ತೆ ಹಾಕಬೇಡಿ, ಬದಲಿಸಿ. ಎಕ್ಸ್‌ಟೆನ್ಶನ್ ವೈರನ್ನು ಸುರುಳಿ ಸುತ್ತಿಟ್ಟು ಬಳಸುವುದೂ ಬೇಡ. ಸುರುಳಿಯ ಬಿಸಿ ಹೊರಗೆ ಹೋಗುವುದಿಲ್ಲ.

ಪ್ಲಗ್ ಹಾಕಿದ ಕೂಡಲೇ ಕರೆಂಟ್ ನೆಲಕ್ಕೆ ಸೋರಿದರೆ ಬೀಳುವ ಮನೆಯ ಅರ್ಥ್ ಲೀಕೇಜ್ ಬ್ರೇಕರ್ ಬೀಳುತ್ತಿದ್ದರೆ, ಗಾಡಿಯ ಬ್ರೇಕರ್‌ಗಳನ್ನೆಲ್ಲ ಇಳಿಸಿ ಒಂದೊಂದಾಗಿ ಏರಿಸಿ. ಸಾಮಾನ್ಯವಾಗಿ ಸಿಕ್ಕಿಬೀಳುವುದು ಸುಟ್ಟ ಗೀಸರ್ ಎಲಿಮೆಂಟ್. ಎಲ್ಲ ಇಳಿಸಿದರೂ ಬೀಳುತ್ತದೆ ಅಂದರೆ ತೊಂದರೆ ವೈರಿಂಗ್‌ನಲ್ಲೇ ಇರಬಹುದು. ಅಲ್ಲಿಂದ ಮುಂದೆ ಎಲೆಕ್ಟ್ರಿಷಿಯನ್ ಕೆಲಸ. ನಾನೂ ಅಲ್ಲಿಗೆ ಕೈಹಾಕುವುದಿಲ್ಲ.

ಎಲ್ಲ ಸರಿಮಾಡಿದಮೇಲೆ ಪ್ಲಗ್ ಇರಲೋ ಬೇಡವೋ

ಬ್ಯಾಟರಿ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಲೆಡ್ ಆಸಿಡ್ ಬ್ಯಾಟರಿ ತುಂಬಿ ಇರುವುದನ್ನೇ ಬಯಸುತ್ತದೆ. ಹಂತ ಬದಲಿಸುವ ಚಾರ್ಜರ್ ಇದ್ದರೆ ಪ್ಲಗ್ ಇಟ್ಟುಬಿಡಿ. ಹಳೆಯ ಗುಂಯ್‌ಗುಡುವ ಚಾರ್ಜರ್ ಆದರೆ ಒಂದು ಟೈಮರ್ ಹಾಕಿ ದಿನಕ್ಕೆ ಒಂದೆರಡು ಗಂಟೆ ಮಾತ್ರ ಓಡಿಸಿ. ಇಲ್ಲವೇ ಬ್ಯಾಟರಿಯ ಮೈನಸ್ ವೈರನ್ನೇ ಬಿಚ್ಚಿಡಿ. ಆಗ ಉಳಿಯುವುದು ಬ್ಯಾಟರಿ ತಾನಾಗಿ ಕಳೆದುಕೊಳ್ಳುವುದು, ತಿಂಗಳಿಗೆ ನೂರಕ್ಕೆ ಐದರ ಆಸುಪಾಸು. ಸೆಖೆ ಜಾಸ್ತಿಯಾದಷ್ಟೂ ಇದೂ ಜಾಸ್ತಿ. ತಿಂಗಳಿಗೊಮ್ಮೆ ಒಂದು ದಿನ ಚಾರ್ಜ್ ಮಾಡಿದರೆ ಸಾಕು. ಸೊನ್ನೆಗಿಂತ ಕೆಳಗೆ ಹೋಗುವ ಚಳಿಯಿದ್ದರೆ ಚಾರ್ಜ್ ಇಳಿಯಲು ಬಿಡಲೇಬೇಡಿ. ತುಂಬಿದ ಬ್ಯಾಟರಿ ಎಂಥ ಚಳಿಯನ್ನೂ ತಡೆಯುತ್ತದೆ, ಖಾಲಿಯಾದದ್ದು ಹೆಪ್ಪುಗಟ್ಟಿ ಒಡೆಯುತ್ತದೆ.

ಲಿಥಿಯಂ ಬ್ಯಾಟರಿಗೆ ಇದು ಉಲ್ಟಾ. ತುಂಬಿಸಿಟ್ಟು ತಿಂಗಳುಗಟ್ಟಲೆ ಹಾಗೇ ಬಿಡುವುದು ಅದಕ್ಕೆ ಒಳ್ಳೆಯದಲ್ಲ. ಅರ್ಧಕ್ಕಿಂತ ಸ್ವಲ್ಪ ಮೇಲೆ ಚಾರ್ಜ್ ಇಟ್ಟು, ವೈರ್ ಬಿಚ್ಚಿ, ಪ್ಲಗ್ ತೆಗೆದುಬಿಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಲೂಬಾರದು.

ಬಿಸಿಲು ಬೀಳುವ ಜಾಗದಲ್ಲಿ ಗಾಡಿ ನಿಲ್ಲಿಸುವವರಿಗೆ 20 ವ್ಯಾಟ್‌ನ ಚಿಕ್ಕ ಸೋಲಾರ್ ಪ್ಯಾನೆಲ್, ಜೊತೆಗೊಂದು ಕಂಟ್ರೋಲರ್ ಸಾಕಾಗಬಹುದು. ನನ್ನ ಶೆಡ್ಡಿಗೆ ಬಿಸಿಲು ಬೀಳುವುದಿಲ್ಲ. ನಾನು ಪ್ಲಗ್‌ನಲ್ಲೇ ಇಟ್ಟಿದ್ದೇನೆ. ಪ್ಲಗ್ ಮೀಟರನ್ನೂ ತೆಗೆದಿಲ್ಲ, ಗೋಡೆಯಲ್ಲೇ ಇದೆ. ತಿಂಗಳ ಮೊದಲ ದಿನ ಅದರ ಅಂಕಿ ಬರೆದುಕೊಂಡು ಸೊನ್ನೆಗೆ ತರುತ್ತೇನೆ, ಅದೇ ದಿನ ಬ್ಯಾಟರಿಯ ಮುಚ್ಚಳ ತೆಗೆದು ನೀರು ನೋಡುತ್ತೇನೆ. ಹೋದ ತಿಂಗಳು 20.6 ಬಂದಿತ್ತು.